ಬಚ್ಚಲ ಒಲೆಯಲ್ಲಿ ಸಿಡಿದ ಬೆಳ್ಳಿ ಚಾಕುವಿನ ಬಗ್ಗೆ

ಹೆಸರು: ಗೌರೀಶಂಕರಾಚಾರ್, ತಂದೆ ದಿವಂಗತ ವೀರಭದ್ರಾಚಾರ್. ವಯಸ್ಸು 47 ವರ್ಷ. ಕಸಬು: ಹೋದ ಜನವರಿಯವರೆಗೆ ಚಿನ್ನದ ಕೆಲಸ, ಈಗ ಬೆಳ್ಳಿ ಕೆಲಸ ಮತ್ತು ಸಿಕ್ಕಿದ ಕೆಲಸ. ವಾಸ: ಅಕ್ಕಸಾಲಿಗರ ಬೀದಿ, ಹೊಳೆನರಸೀಪುರ, ಹಾಸನ ಜಿಲ್ಲೆ.

1963ನೇ ಇಸವಿ ಜುಲೈ 11ರ ಬೆಳಿಗ್ಗೆ ನನ್ನ ಮನೆಗೆ ಬಂದ ದಫೇದಾರರು ಕೇಳಿದ್ದರ ಮೇರೆಗೆ ಈ ಮೂಲಕ ತಿಳಿಸುವುದೇನೆಂದರೆ,

ಜುಲೈ 9ರ ಮಧ್ಯಾಹ್ನ ನನ್ನ ಮನೆಯಲ್ಲಿ ಸಿಡಿದದ್ದು ಬಾಂಬಲ್ಲ, ಕೋವಿಯೂ ಅಲ್ಲ. ಊಟದ ಚಾಕು. ಅದು ಸಿಡಿದಾಗ ನಾನು ಹಾಸನದಲ್ಲಿದ್ದೆ. ಅದನ್ನು ಒಲೆಗೆ ಹಾಕಿದವಳು ನನ್ನ ಹೆಂಡತಿ ಸುವರ್ಣಮ್ಮ. ಇಷ್ಟು ಬರೆದುಕೊಂಡರೆ ಸಾಕಲ್ಲವೇ ಎಂದು ನಾನು ಕೇಳಿದೆ. ಸಾಲದು, ಮೊದಲಿನಿಂದ ಹೇಳಬೇಕು ಎಂದು ದಫೇದಾರರು ಹೇಳಿದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಸರ್ಕಾರದವರು ಚಿನ್ನಕ್ಕೆ ಹದಿನಾಲ್ಕು ಕ್ಯಾರೆಟ್ಟಿನ ಕಾನೂನು ತಂದ ಮೇಲೆ ನಮ್ಮ ಬೀದಿಯಲ್ಲಿ ಸುತ್ತಿಗೆಯ ಸದ್ದು ಅಡಗಿತು. ಪಕ್ಕದ ಮನೆಯ ನನ್ನ ದಾಯಾದಿ ಬೀಡಿ ಅಂಗಡಿ ಇಟ್ಟಿದ್ದಾನೆ. ಇನ್ನೊಬ್ಬ ಹಿರೀಸಾವೆಯಲ್ಲಿ ಬಸ್ಸು ನಿಲ್ಲುವ ಹೋಟೆಲಿನಲ್ಲಿ ಬೋಂಡ ಕರಿಯುತ್ತಾನೆ, ಚೆನ್ನಾಗಿಯೇ ಕರಿಯುತ್ತಾನೆ ಎಂದು ಕೇಳಿದ್ದೇನೆ. ನಾನು ಬೆಳ್ಳಿಗೆ ಇಳಿದೆ. ಕಾಲುಂಗುರ, ಉಡಿದಾರ, ಕುಂಕುಮದ ಭರಣಿಯ ಮುಚ್ಚಳ, ಇಂಥವು. ಅದೂ ವಾರಕ್ಕೊಂದು ಬಂದರೆ ಹೆಚ್ಚು. ಉಳಿದ ಹೊತ್ತು ಅಗ್ಗಿಷ್ಟಿಕೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದೆ. ಬೆಂಕಿಯಿಲ್ಲದ ಅಗ್ಗಿಷ್ಟಿಕೆಯ ಮುಂದೆ ಕೂರುವ ಗಂಡಸನ್ನು ನೋಡುವುದು ಬೇಡವೆಂದು ನನ್ನ ಹೆಂಡತಿ ಆ ಕಡೆಯ ಬಾಗಿಲು ಹಾಕಿಬಿಡುತ್ತಿದ್ದಳು.

ಹೀಗಿರುವಾಗ ಜೂನ್ 24ರಂದು ಅರಕಲಗೂಡಿನಿಂದ ಬರುವ ಬಸ್ಸಿನಲ್ಲಿ ತಮ್ಮಯ್ಯ ಎಂಬುವವರು ಬಂದರು. ಸುಮಾರು ಅರವತ್ತು ವರ್ಷದವರು, ರುದ್ರಪಟ್ಟಣದ ಹತ್ತಿರದ ಕೇರಿಯವರು. ಸಕಲೇಶಪುರದ ಕಡೆ ಒಬ್ಬ ಇಂಗ್ಲಿಷ್ ಕಾಫಿ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅವರು ಜಗಲಿಯ ಮೇಲೆ ಕುಳಿತು ಪೆಟ್ಟಿಗೆ ತೆಗೆದರು. ಒಳಗೆ ಬನ್ನಿ ಎಂದು ನಾನು ಹೇಳಲಿಲ್ಲ, ಅವರೂ ಎದ್ದು ಬರಲಿಲ್ಲ.

ಪೆಟ್ಟಿಗೆಯ ಒಳಗೆ ಹಸಿರು ಬನಾತಿನ ಹಾಸು. ಅದರಲ್ಲಿ ಆರು ಚಮಚ, ಆರು ಮುಳ್ಳುಚಮಚ, ಆರು ಚಾಕು. ಒಂದೊಂದರ ಹಿಂದೆಯೂ ಹುರುಳಿಕಾಳಿನಷ್ಟು ಸಿಂಹದ ಮುದ್ರೆ. ಒರೆಗೆ ಹಚ್ಚಿ ನೋಡಿದೆ. ಗಟ್ಟಿತನಕ್ಕೆ ಬೇಕಾದಷ್ಟೇ ತಾಮ್ರ ಬೆರೆಸಿದ ಒಳ್ಳೆಯ ಬೆಳ್ಳಿ. ನೂರು ವರ್ಷದ ಹಿಂದಿನದು, ದೊರೆಯ ಅಜ್ಜಿಯ ಕಾಲದ್ದು ಎಂದು ತಮ್ಮಯ್ಯನವರು ಹೇಳಿದರು. ದೊರೆ ತೋಟ ಮಾರಿ ಊರಿಗೆ ಹೋಗುವಾಗ ಇದನ್ನು ಇವರ ಕೈಗೆ ಕೊಟ್ಟು ಹೋದರಂತೆ. ಆಮೇಲೆ ಪೆಟ್ಟಿಗೆ ಏಳು ವರ್ಷ ಇವರ ಭಾವಮೈದುನನ ಅಟ್ಟದ ಮೇಲಿತ್ತು. ಆ ಮನೆಯ ಮಕ್ಕಳು ಚಮಚದಲ್ಲಿ ಗೋಲಿಯ ಗುಳಿ ತೋಡಿದ್ದರು. ದೊಡ್ಡವರು ಮುಳ್ಳುಚಮಚದಲ್ಲಿ ಹಲಸಿನ ಹಣ್ಣು ಬಿಡಿಸಿದ್ದರು. ಎರಡು ಚಮಚದ ಕುತ್ತಿಗೆ ಮುರಿದಿತ್ತು, ಮುಳ್ಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು, ಚಾಕುವಿನ ಅಲಗುಗಳು ಹಿಡಿಯಲ್ಲಿ ಅಲ್ಲಾಡುತ್ತಿದ್ದವು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಕರಗಿಸಿದರೆ ಒಳ್ಳೆಯ ತೂಕ ಬರುತ್ತದೆ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ.

ಅದಕ್ಕೆ ತಮ್ಮಯ್ಯನವರು, "ಕರಗ್ಸೋ ಮಾತು ಬ್ಯಾಡಿ ಆಚಾರ್ರೇ. ಆ ಮಾತ ಆಸನದಲ್ಲೂ ಕೇಳ್ದೆ, ಚನ್ರಾಯಪಟ್ಣದಲ್ಲೂ ಕೇಳ್ದೆ. ಮುರ್ದಿದ್ದು ಸೇರ್ಬೇಕು, ಸೊಟ್ಟಾಗಿದ್ದು ನೆಟ್ಟಗಾಗ್ಬೇಕು. ನಿಮ್ಮ ಕೈಲಿ ಆಯ್ತದಾ ಇಲ್ವಾ, ಅಷ್ಟು ಯೋಳಿ" ಎಂದರು.

ನಮ್ಮಲ್ಲಿ ಬೆಳ್ಳಿ ಮುರಿದರೆ ತೂಕ ಹಾಕಿ, ಕರಗಿಸಿ, ಹೊಸದು ಮಾಡಿಸಿಕೊಳ್ಳುವುದೇ ವಾಡಿಕೆ. ಇದ್ದ ವಸ್ತುವನ್ನು ಇದ್ದ ಹಾಗೇ ಉಳಿಸಿಕೊಡಿ ಎಂದು ಕೇಳಿದವರು ನನ್ನ ಕಸಬಿನಲ್ಲಿ ಇವರೇ ಮೊದಲು. ಯಾಕೆ ಇಷ್ಟು ಹಟ ಎಂದು ಕೇಳಿದೆ.

"ಮೂವತ್ತೊಂದು ವರ್ಸ ದೊರೆ ಕುರ್ಚಿ ಇಂದೆ ನಿಂತ್ಕಂಡು ಇದ್ನ ಮೇಜಿನ ಮ್ಯಾಲೆ ಜೋಡ್ಸಿವ್ನಿ. ಕೂತ್ಕಂಡು ಒಂದ್ ತುತ್ತು ಉಂಡಿಲ್ಲ. ನನ್ನ ಮಗಳು ಹೊನ್ನಕ್ಕಂಗೆ ಆಸ್ಪತ್ರೇಲಿ ನರ್ಸ್ ಕೆಲ್ಸ ಆಗೈತೆ. ಕ್ವಾಟ್ರಸ್ ಕೊಟ್ಟವ್ರೆ, ಅದ್ರಲ್ಲಿ ಒಂದು ಮೇಜೈತೆ. ಮನೆಮಂದಿಯೆಲ್ಲ ಅದ್ರ ಸುತ್ತ ಕೂತ್ಕಂಡು ಇದ್ರಲ್ಲಿ ಒಂದಪ ಉಣ್ಬೇಕು ಆಚಾರ್ರೇ. ಪಾಯ್ಸನಾದ್ರೂ ಸರಿ."

ಆಗುತ್ತದೆ ಎಂದು ನಾನು ಹೇಳಿದೆ. ನಿಜ ಹೇಳಬೇಕೆಂದರೆ ಜನವರಿಯಿಂದ ಈಚೆಗೆ ಅಂಥ ಕೆಲಸಕ್ಕೆ ನನ್ನ ಕೈ ತುರಿಸುತ್ತಿತ್ತು. ಅವರು ಪೆಟ್ಟಿಗೆ ಬಿಟ್ಟು, ಮಧ್ಯಾಹ್ನದ ಬಸ್ಸಿಗೆ ಹೋದರು.

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಈಚೆಗೆ ಬಂದು, ಇದರಲ್ಲಿ ದೊರೆಗಳು ದನದ್ದೂ ತಿಂದಿರುತ್ತಾರಲ್ಲವೇ ಎಂದು ಕೇಳಿದಳು. ದೊರೆಗಳು, ದೊರೆಗಳು ತಿನ್ನುವುದನ್ನು ತಿಂದಿರುತ್ತಾರೆ ಎಂದು ನಾನು ಹೇಳಿದೆ. ಈ ಉತ್ತರ ಅವಳಿಗೆ ಹಿಡಿಸಲಿಲ್ಲ. ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚುವ ಈಳಿಗೆಮಣೆಯೇ ಬೇರೆ, ಬಾಕಿ ತರಕಾರಿಯದೇ ಬೇರೆ. ಕೆಲಸದ ಕೋಣೆಯ ಗೋಡೆಯ ಮೇಲೆ ಕಾಳಮ್ಮನ ಪಟವಿದೆ. ಆ ಪೆಟ್ಟಿಗೆ ಹೊಸಲು ದಾಟಕೂಡದೆಂದು ಅವಳು ಹೇಳಿದಳು. ಜಗಲಿಯ ಮೇಲೆ ಬಿಟ್ಟರೆ ಕಳ್ಳರು ಹೊತ್ತುಕೊಂಡು ಹೋಗುತ್ತಾರೆಂದು ನಾನು ಹೇಳಿದೆ. ಕೊನೆಗೆ ಹಿತ್ತಲಿನ ಬಚ್ಚಲಲ್ಲಿ, ಸೌದೆಯ ಹಿಂದೆ ಇಡುವುದೆಂದು ತೀರ್ಮಾನವಾಯಿತು. ನೂರು ವರ್ಷದ ಬೆಳ್ಳಿ ಸೌದೆಯ ಹಿಂದೆ, ಅದನ್ನು ಸರಿಮಾಡುವವನು ಜಗಲಿಯ ಮೇಲೆ.

ಜಗಲಿಯ ಮೇಲೆ ಆ ಕೆಲಸ ಆಗುವುದಿಲ್ಲ. ಆಷಾಢದ ಗಾಳಿಗೆ ಊದುಗೊಳವೆಯ ಉರಿ ಒಂದು ಕಡೆ ನಿಲ್ಲುವುದಿಲ್ಲ. ಒಂದು ಚಮಚದ ಕುತ್ತಿಗೆಗೆ ಬೆಸುಗೆ ಹಾಕಿದೆ, ಕೂಡಲಿಲ್ಲ. ಇನ್ನೊಮ್ಮೆ ಹಾಕಿದೆ, ಕೂಡಿತು, ಆದರೆ ಮಚ್ಚೆ ಬಿತ್ತು. ಜುಲೈ 8ರ ಸಾಯಂಕಾಲ ಹೆಂಡತಿಗೆ ನೇರವಾಗಿ ಹೇಳಿದೆ: ಒಂದೋ ಪೆಟ್ಟಿಗೆ ಒಳಗೆ ಬರಬೇಕು, ಇಲ್ಲವೇ ನಾನು ಇದನ್ನು ಹಾಗೇ ವಾಪಸು ಕೊಟ್ಟು ಬೋಂಡ ಕರಿಯುವುದನ್ನು ಕಲಿಯಬೇಕು. ಅವಳು ಏನೂ ಹೇಳಲಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿರುವ ನಾನು, ಅವಳು ಏನೂ ಹೇಳದಿದ್ದಾಗ ಹುಷಾರಾಗಿರಬೇಕಿತ್ತು.

ಮರುದಿನ, ಅಂದರೆ ಜುಲೈ 9ರಂದು, ಬೆಸುಗೆಗೆ ಬೇಕಾದ ಬಿಳಿಗಾರ ಮತ್ತು ಬೆಳ್ಳಿ ತಂತಿ ತರಲು ಬೆಳಿಗ್ಗೆ ಎಂಟರ ಬಸ್ಸಿಗೆ ಹಾಸನಕ್ಕೆ ಹೋದೆ. ಇಲ್ಲಿಂದ ಮುಂದೆ ನಾನು ಹೇಳುವುದು ನನ್ನ ಹೆಂಡತಿ ಹೇಳಿದ್ದು. ಅವಳು ಈಗ ಬಾಗಿಲಲ್ಲೇ ನಿಂತಿದ್ದಾಳೆ, ತಪ್ಪಿದರೆ ತಿದ್ದುತ್ತಾಳೆ.

ಲೋಹ ಮೈಲಿಗೆಯಾದರೆ ಬೆಂಕಿಗೆ ಹಾಕಿ ಶುದ್ಧ ಮಾಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಅಡುಗೆಯ ಒಲೆಗೆ ಹಾಕುವಂತಿಲ್ಲ, ಒಲೆಯೇ ಮೈಲಿಗೆಯಾಗುತ್ತದೆ. ನನ್ನ ಅಗ್ಗಿಷ್ಟಿಕೆಗೂ ಹಾಕುವಂತಿಲ್ಲ, ಕಾಳಮ್ಮ ನೋಡುತ್ತಾಳೆ. ಆದ್ದರಿಂದ ಸ್ನಾನದ ನೀರು ಕಾಯಿಸುವ ಬಚ್ಚಲ ಒಲೆಯೇ ಸರಿಯೆಂದು ಅವಳು ಯೋಚಿಸಿದಳು. ಗಂಡ ಬರುವುದರೊಳಗೆ ಎಲ್ಲವನ್ನೂ ಮಡಿ ಮಾಡಿ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಜೋಡಿಸಿಡಬೇಕೆಂದಿದ್ದಳಂತೆ. ಇದನ್ನು ಕೇಳಿದ ಮೇಲೆ ನನಗೆ ಅವಳ ಮೇಲೆ ಸಿಟ್ಟು ಮಾಡಲು ಆಗಲಿಲ್ಲ.

ಚಮಚಗಳನ್ನೂ ಮುಳ್ಳುಚಮಚಗಳನ್ನೂ ನನ್ನ ಚಿಮಟದಲ್ಲಿ ಹಿಡಿದು ಕೆಂಡದ ಮೇಲಿಟ್ಟು, ಕೆಂಪಗಾದ ಮೇಲೆ ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿದಳು. ಬೆಳ್ಳಗೆ ಹೊಳೆದವು. ಹನ್ನೆರಡೂ ಚೆನ್ನಾಗಿಯೇ ಆದವು. ಸೊಟ್ಟಗಾದ ಬೆಳ್ಳಿಯನ್ನು ನೆಟ್ಟಗೆ ಮಾಡುವ ಮುಂಚೆ ಹೇಗೂ ಕಾಯಿಸಿ ಮೆದು ಮಾಡಬೇಕು. ನನ್ನ ಅರ್ಧ ದಿನದ ಕೆಲಸವನ್ನು ಅವಳು ಗೊತ್ತಿಲ್ಲದೆ ಮಾಡಿ ಮುಗಿಸಿದ್ದಳು. ಅಲ್ಲಿಗೆ ನಿಲ್ಲಿಸಿದ್ದರೆ ದಫೇದಾರರು ಇಂದು ಇಲ್ಲಿಗೆ ಬರಬೇಕಾಗಿರಲಿಲ್ಲ.

ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಮೊದಲನೆಯ ಚಾಕುವನ್ನು ಹಿಡಿಯ ಸಮೇತ ಕೆಂಡದಲ್ಲಿ ಹೂತಳು. ಆ ಚಾಕುವಿನ ಹಿಡಿ ಒಳಗೆ ಟೊಳ್ಳು. ಎರಡು ತೆಳು ಬೆಳ್ಳಿ ತಗಡನ್ನು ಕೂಡಿಸಿ, ಒಳಗೆ ಅರಗು ತುಂಬಿ, ಅದರಲ್ಲಿ ಅಲಗನ್ನು ನೆಟ್ಟಿರುತ್ತಾರೆ. ನಮ್ಮ ಟೊಳ್ಳು ಬಳೆಗಳಿಗೂ ಅರಗು ತುಂಬುತ್ತೇವೆ, ಅದನ್ನು ಅವಳು ಮದುವೆಯಾಗಿ ಬಂದ ದಿನದಿಂದ ನೋಡಿದ್ದಾಳೆ. ಆದರೆ ಇಂಗ್ಲಿಷರೂ ಹಾಗೆ ಮಾಡುತ್ತಾರೆಂದು ಅವಳಿಗೆ ಯಾರು ಹೇಳಬೇಕು? ನಾನು ಹೇಳಬೇಕಿತ್ತು. ಗಿರಾಕಿಯ ಚಾಕುವನ್ನು ಯಾರಾದರೂ ಒಲೆಗೆ ಹಾಕುತ್ತಾರೆಂದು ನನಗೆ ಹೊಳೆಯಲಿಲ್ಲ.

ಅರಗು ಒಳಗೇ ಕುದಿದು, ದಾರಿ ಸಿಗದೆ, ಹಿಡಿ ಸಿಡಿಯಿತು. ಅಲಗು ಹಾರಿ ತಾಮ್ರದ ಹಂಡೆಗೆ ತೂತು ಮಾಡಿತು. ಹಂಡೆಯ ನೀರು ಸುರಿದು ಒಲೆ ತಾನೇ ಆರಿತು. ಸುವರ್ಣಮ್ಮನ ಸೆರಗು ಒಂದು ಅಂಗೈಯಗಲ ಸುಟ್ಟಿತು, ಮೈಗೆ ಏನೂ ಆಗಲಿಲ್ಲ. ಆ ಅಲಗು ಒಂದು ಗೇಣು ಈಚೆಗೆ ಬಂದಿದ್ದರೆ ನಾನು ಈ ಹೇಳಿಕೆಯನ್ನು ಬೇರೆ ಥರ ಕೊಡಬೇಕಾಗಿತ್ತು.

ಎದುರು ಮನೆಯ ತಿರುನಾರಾಯಣ ಅವರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಚೀನಾದ ಯುದ್ಧವಾದಾಗಿನಿಂದ ರೇಡಿಯೋ ಬಿಟ್ಟು ಏಳುವುದಿಲ್ಲ. ಸದ್ದು ಕೇಳಿದ ಕೂಡಲೆ, "ಬಿತ್ತು ಕಣ್ರಯ್ಯಾ, ಬಾಂಬು ಬಿತ್ತು" ಎಂದು ಕೂಗಿ, ಮೇಲೆ ಉತ್ತರೀಯವೂ ಇಲ್ಲದೆ ಠಾಣೆಗೆ ಓಡಿದರಂತೆ. ಅಲ್ಲಿ, ಈ ಮನೆಯಲ್ಲಿ ಎರಡು ವಾರದಿಂದ ಹೊಗೆಯೂ ಕುಟ್ಟುವ ಸದ್ದೂ ಇದೆ, ಒಳಗೆ ಚಿನ್ನ ಕರಗಿಸುತ್ತಿದ್ದರೂ ಕರಗಿಸುತ್ತಿರಬಹುದು ಎಂದೂ ಸೇರಿಸಿದ್ದಾರೆ. ಅವರ ಮೇಲೆ ನನಗೆ ದ್ವೇಷವಿಲ್ಲ. ಈ ದಿನ ಬೆಳಿಗ್ಗೆಯಿಂದ ಹೇಳಿಕೆ ಎಲ್ಲಿಯವರೆಗೆ ಬಂತು ಎಂದು ಎರಡು ಸಲ ಬಂದು ಕೇಳಿಕೊಂಡು ಹೋಗಿದ್ದಾರೆ.

ನಾನು ಸಂಜೆ ಐದರ ಬಸ್ಸಿಗೆ ಬಂದಾಗ ನನ್ನ ಮನೆಯ ಮುಂದೆ ಬೀದಿಯೇ ನಿಂತಿತ್ತು. ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಬಚ್ಚಲಿನ ಗೋಡೆಗೆ ಹಾರಿದ್ದ ಕಪ್ಪು ಮಸಿಯನ್ನು ನೋಡುತ್ತಿದ್ದರು. ಅದು ಮದ್ದಿನ ಪುಡಿಯೇ ಎಂದು ಕೇಳಿದರು. ನಾನು ಸ್ವಲ್ಪ ಕೆರೆದು ದೀಪದ ಉರಿಗೆ ಹಿಡಿದೆ. ಕರಗಿ ತೊಟ್ಟಿಕ್ಕಿತು, ಧೂಪದ ಹಾಗೆ ವಾಸನೆ ಬಂತು. ಸಾಹೇಬರು ಬಗ್ಗಿ ಮೂಸಿ ನೋಡಿ ಒಪ್ಪಿಕೊಂಡರು. ಮನೆಯಲ್ಲಿ ಚಿನ್ನ ಇದೆಯೇ ಎಂದು ಕೇಳಿದರು. ಹೆಂಡತಿಯ ಹೆಸರು ಬಿಟ್ಟರೆ ಬೇರೆ ಇಲ್ಲ ಸಾ ಎಂದೆ. ದಫೇದಾರರು ನಕ್ಕರು, ಸಾಹೇಬರು ನಗಲಿಲ್ಲ. ಹುಡುಕಿ ನೋಡಿದರು, ಏನೂ ಸಿಗಲಿಲ್ಲ. ಆಮೇಲೆ ಅವರು, ಹಾಳಾಗಿರುವುದು ಬೇರೆಯವರ ಸೊತ್ತು, ಅವರು ದೂರು ಕೊಟ್ಟರೆ ಕೇಸು ಮಾಡಲೇಬೇಕಾಗುತ್ತದೆ ಎಂದು ಹೇಳಿ, ತಮ್ಮಯ್ಯನವರಿಗೆ ಹೇಳಿ ಕಳಿಸಿ, ಪೆಟ್ಟಿಗೆಯನ್ನು ಠಾಣೆಗೆ ತೆಗೆದುಕೊಂಡು ಹೋದರು.

ಆಗ ನನಗೆ ನಿಜವಾಗಿ ಭಯವಾಯಿತು. ಕೇಸಾದರೆ ನನ್ನ ಮನೆಗೆ ಒಂದು ಕಾಲುಂಗುರವನ್ನೂ ಯಾರೂ ತರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಪೆಟ್ಟಿಗೆ ಕೈಬಿಟ್ಟು ಹೋಗುತ್ತದಲ್ಲ ಎಂದು ಸಂಕಟವಾಯಿತು. ಆ ಮುಳ್ಳುಗಳನ್ನು ಸಾಲಾಗಿ ನಿಲ್ಲಿಸುವುದು ಹೇಗೆಂದು ನಾನು ಅಷ್ಟರಲ್ಲಿ ಕಂಡುಕೊಂಡಿದ್ದೆ.

ಜುಲೈ 10ರ ಮಧ್ಯಾಹ್ನ ತಮ್ಮಯ್ಯನವರು ಠಾಣೆಗೆ ಬಂದರು. ನನ್ನನ್ನೂ ಹೆಂಡತಿಯನ್ನೂ ಕರೆಸಿದ್ದರು. ಸಾಹೇಬರು ಪೆಟ್ಟಿಗೆ ತೆಗೆದು ತೋರಿಸಿದರು. ಸಿಡಿದ ಹಿಡಿ ಸುಲಿದ ಬಾಳೆಹಣ್ಣಿನ ಸಿಪ್ಪೆಯ ಹಾಗಾಗಿತ್ತು. ತಮ್ಮಯ್ಯನವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕೂಗಾಡಲಿಲ್ಲ. ಒಲೆಗೆ ಹಾಕಿದವರು ಯಾರು ಎಂದು ಕೇಳಿದರು. ನಾನೇ ಎಂದು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಸುವರ್ಣಮ್ಮ, "ನಾನು" ಎಂದಳು.

ತಮ್ಮಯ್ಯನವರು ಅವಳ ಕಡೆ ತಿರುಗಿ, "ಒಂದು ಮಾತು ಕೇಳ್ತೀನಿ ಅವ್ವಾರೇ, ಬ್ಯಾಸರ ಮಾಡ್ಕಬ್ಯಾಡಿ. ಬೆಂಕಿಗೆ ಆಕಿದ್ದು ದೊರೆ ಮಾಂಸ ತಿಂದ ಅಂತ್ಲಾ, ನಾನು ಮುಟ್ಟಿದ್ದೆ ಅಂತ್ಲಾ?" ಎಂದು ಕೇಳಿದರು.

ಬರೆಯುತ್ತಿದ್ದ ದಫೇದಾರರು ಲೇಖನಿ ಎತ್ತಿದರು. ಅವಳು ದೊರೆಯ ಹೆಸರು ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಅದು ಅರ್ಧ ನಿಜವೂ ಆಗಿತ್ತು.

ಸುವರ್ಣಮ್ಮ, "ಎರಡಕ್ಕೂ" ಎಂದಳು. ಮತ್ತೆ, "ಸುಳ್ಳು ಯಾಕೆ ಹೇಳ್ಲಿ, ಎರಡಕ್ಕೂ ಹಾಕ್ದೆ" ಎಂದಳು.

ತಮ್ಮಯ್ಯನವರು ತಲೆಯಾಡಿಸಿದರು. "ಗೊತ್ತಿತ್ತು. ನಿಮ್ಮ ಬಾಯಲ್ಲಿ ಕೇಳ್ಬೇಕಿತ್ತು, ಅಷ್ಟೆ. ಈ ಚಾಕೂನ ದಿನಕ್ಕೆ ಮೂರು ಕಿತ ತೊಳೀತಿದ್ದೋನು ನಾನು. ತಿಂದೋನು ಅಂಗೇ ಬಿಟ್ಟು ಎದ್ದೋಯ್ತಿದ್ದ. ನಾನು ಮುಟ್ಟಿ ಇದು ಮೈಲಿಗೆ ಆಗಿಲ್ಲ ಅವ್ವಾರೇ, ನಾನು ಮುಟ್ಟಿ ಮಡಿ ಆಗೈತೆ" ಎಂದರು.

ಸಾಹೇಬರು ದೂರು ಕೊಡುತ್ತೀರಾ ಎಂದು ಕೇಳಿದರು. ದೂರು ಇಲ್ಲ ಸಾ, ಆದರೆ ಒಂದು ಷರತ್ತು ಇದೆ ಎಂದು ತಮ್ಮಯ್ಯನವರು ಹೇಳಿದರು. "ಸಿಡ್ದಿರೋ ಚಾಕು ಸೇರಿ ಎಲ್ಲಾನೂ ಆಚಾರ್ರೇ ಮಾಡ್ಲಿ. ಮುಗಿಯೋಗಂಟ ನಾನು ಬಂದು ಪಕ್ಕದಲ್ಲೇ ಕೂತ್ಕತೀನಿ. ಜಗಲಿ ಮ್ಯಾಲಲ್ಲ. ಒಳಗೆ, ಅಗ್ಗಿಷ್ಟಿಕೆ ತಾವ."

ನಾನು ಹೆಂಡತಿಯ ಮುಖ ನೋಡಿದೆ. ಸಾಹೇಬರೂ ನೋಡಿದರು. ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, ಸುಟ್ಟ ಜಾಗವನ್ನು ಒಳಗೆ ಮಡಚಿಕೊಂಡು, "ಎಷ್ಟು ಹೊತ್ತಿಗೆ ಬರ್ತೀರಿ?" ಎಂದು ಕೇಳಿದಳು. ಎಂಟಕ್ಕೆ ಎಂದು ಅವರು ಹೇಳಿದರು. "ಎಂಟಕ್ಕೆ ಹಾಲು ಬಂದಿರಲ್ಲ. ಎಂಟೂವರೆಗೆ ಬನ್ನಿ" ಎಂದಳು. ಪೆಟ್ಟಿಗೆಯನ್ನು ಠಾಣೆಯಿಂದ ಮನೆಯವರೆಗೆ ಅವಳೇ ಹೊತ್ತುಕೊಂಡು ಬಂದಳು.

ಈ ದಿನ ಅವರು ಎಂಟೂವರೆಗೆ ಬಂದರು. ಹೊಸಲಿನ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ದಾಟಿದರು. ಸುವರ್ಣಮ್ಮ ಮಣೆ ಹಾಕಿದಳು. ನಾನು ಉರಿ ಊದಿದೆ, ಅವರು ಚಿಮಟ ಹಿಡಿದರು. ಎರಡನೆಯ ಚಮಚದ ಕುತ್ತಿಗೆ ಒಂದೇ ಸಲಕ್ಕೆ ಕೂಡಿತು, ಮಚ್ಚೆ ಬೀಳಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು, ಎಲ್ಲಿ ಮುರಿದಿತ್ತು ಎಂದು ಹುಡುಕಿ, ಸಿಗದೆ ನಕ್ಕರು. ಜನವರಿಯಿಂದ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಹತ್ತು ಗಂಟೆಗೆ ದಫೇದಾರರು ಬಂದರು. ಸುವರ್ಣಮ್ಮ ಮೂವರಿಗೂ ಕಾಫಿ ತಂದಳು. ಕುಡಿದಾದ ಮೇಲೆ ತಮ್ಮಯ್ಯನವರು ತಮ್ಮ ಲೋಟವನ್ನು ತಾವೇ ತೊಳೆಯಲು ಎತ್ತಿಕೊಂಡು ಎದ್ದರು. "ಅಲ್ಲೇ ಇಡಿ" ಎಂದು ಅವಳು ಹೇಳಿದಳು. ಮೂರೂ ಲೋಟಗಳನ್ನು ಒಟ್ಟಿಗೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ತೂತಾದ ಹಂಡೆಯ ಬದಲು ಮಡಕೆ ಇಟ್ಟಿದ್ದ ಬಚ್ಚಲ ಒಲೆ ಉರಿಯುತ್ತಿತ್ತು. ನಾನು ಕುಳಿತಲ್ಲಿಂದಲೇ ಕತ್ತು ಚಾಚಿ ನೋಡಿದೆ. ಅವಳು ಒಲೆಯ ಮುಂದೆಯೇ ಹಾದುಹೋದಳು. ಕಲ್ಲಿನ ಹತ್ತಿರ ಕುಳಿತು, ಬೂದಿ ಹಾಕಿ ಮೂರನ್ನೂ ಬೆಳಗಿ, ತಂದು ಗೂಡಿನಲ್ಲಿ ಬೋರಲು ಹಾಕಿದಳು. ಈಗ ಅದರಲ್ಲಿ ಯಾವುದು ಯಾರು ಕುಡಿದ ಲೋಟ ಎಂದು ನನಗೂ ಹೇಳಲು ಬರುವುದಿಲ್ಲ.

ಲೋಟದ ವಿಷಯ ಈ ಹೇಳಿಕೆಗೆ ಸಂಬಂಧಿಸಿದ್ದಲ್ಲ, ಬಿಟ್ಟುಬಿಡೋಣ ಎಂದು ದಫೇದಾರರು ಹೇಳಿದರು. ಬೇರೆ ಏನು ಬೇಕಾದರೂ ಬಿಡಿ, ಇದನ್ನು ಬರೆದುಕೊಳ್ಳಿ ಎಂದು ನಾನು ಕೇಳಿಕೊಂಡೆ. ಬರೆದುಕೊಂಡರು.

ದಫೇದಾರರು ಇದನ್ನು ನನ್ನ, ನನ್ನ ಹೆಂಡತಿಯ ಮತ್ತು ತಮ್ಮಯ್ಯನವರ ಎದುರಿಗೆ ಗಟ್ಟಿಯಾಗಿ ಓದಿ ಹೇಳಿದರು. ನಾನು ಕಂಡದ್ದು, ಕೇಳಿದ್ದು ಇಷ್ಟೇ. ಎಲ್ಲವೂ ನಿಜ. ಯಾರ ಬಲವಂತವೂ ಇಲ್ಲದೆ ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ನನ್ನ ಮನೆಯ ಕೆಲಸದ ಕೋಣೆ, ಹೊಳೆನರಸೀಪುರ
ತಾರೀಖು: 11-7-1963

(ಸಹಿ) ಗೌರೀಶಂಕರಾಚಾರ್

ಸಾಕ್ಷಿ, ಒಳಗೆ ಕುಳಿತು ಕೇಳಿದವರು: (ಸಹಿ) ತಮ್ಮಯ್ಯ